ಗಡಸು ನೀರಿನ ಸೀಮೆಯಲ್ಲಿ ಡಿಸ್ಕಸ್ ಮರಿಗಳು

ಈಜು ಕಲಿತು ಎರಡು ದಿನವಾಗಿರುವ ಡಿಸ್ಕಸ್ ಮರಿಗೆ ಹಸಿವಾದರೆ ಅದು ಅತ್ತಿತ್ತ ಅಲೆಯುವುದಿಲ್ಲ. ನೇರವಾಗಿ ಅಪ್ಪನದೋ ಅಮ್ಮನದೋ ಮೈಗೆ ಬಂದು ಹತ್ತಿಕೊಳ್ಳುತ್ತದೆ. ಅಂಗೈಯಗಲದ, ಚಪ್ಪಟೆ ಮೈಯ ಆ ದೊಡ್ಡ ಮೀನಿನ ಎರಡೂ ಪಕ್ಕೆಗಳ ಮೇಲೆ ನೂರಾರು ಪುಟಾಣಿಗಳು ಬಾಲ ಅಲ್ಲಾಡಿಸುತ್ತ ಮೇಯುತ್ತವೆ. ಅವು ಕಿತ್ತು ತಿನ್ನುತ್ತಿರುವುದು ಚರ್ಮದಿಂದ ಒಸರುವ ಲೋಳೆ. ಹತ್ತು ನಿಮಿಷವಾಗುವಷ್ಟರಲ್ಲಿ ತಾಯಿ ಮೈಯನ್ನೊಮ್ಮೆ ಜಾಡಿಸಿ ಸರಿಯುತ್ತದೆ. ಚದುರಿದ ಮರಿಗಳು ಪಕ್ಕದಲ್ಲೇ ನಿಂತಿರುವ ತಂದೆಯ ಮೈಗೆ ಮುತ್ತಿಕೊಳ್ಳುತ್ತವೆ. ಹಗಲೆಲ್ಲ ಈ ಸರದಿ ನಡೆಯುತ್ತದೆ.

ಅಕ್ವೇರಿಯಂ ಇಟ್ಟವರಲ್ಲಿ ಈ ನೋಟಕ್ಕೆ ಆಸೆಪಡದವರು ಕಡಿಮೆ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಡಿಸ್ಕಸ್ ಎಂದ ಕೂಡಲೇ ಒಂದು ಮಾತು ಬಂದೇ ಬರುತ್ತದೆ: ‘ನಮ್ಮ ಬೋರ್ ನೀರಿಗೆ ಅದು ಬದುಕಲ್ಲ ಕಣಣ್ಣ’. ಈ ಮಾತಿನಲ್ಲಿ ಅರ್ಧ ನಿಜವಿದೆ. ನಮ್ಮ ಗಡಸು ನೀರಿನಲ್ಲಿ ಡಿಸ್ಕಸ್ ಮೊಟ್ಟೆ ಮರಿಯಾಗುವುದು ಕಷ್ಟ. ಹುಟ್ಟಿ ಬೆಳೆದ ಮರಿಯನ್ನು ತಂದು ದೊಡ್ಡದು ಮಾಡುವುದಕ್ಕೆ ಮಾತ್ರ ಆ ನೀರು ಅಷ್ಟು ದೊಡ್ಡ ಅಡ್ಡಿಯಲ್ಲ. ಮರಿಗಳನ್ನು ಸಾಯಿಸುವುದು ಹೆಚ್ಚಾಗಿ ಕೊಳೆ, ಚಳಿ ಮತ್ತು ದಿನದಿಂದ ದಿನಕ್ಕೆ ಏರುಪೇರಾಗುವ ನೀರು. ಮೊಟ್ಟೆ ಮರಿ ಮಾಡಿಸುವುದು, ಮರಿ ಬೆಳೆಸುವುದು ಈ ಎರಡನ್ನು ಬೇರೆ ಬೇರೆ ಮಾಡಿ ನೋಡದೆ ಎಷ್ಟೋ ಜನ ಬೇಡದ ಕಡೆ ದುಡ್ಡು ಸುರಿಯುತ್ತಾರೆ, ಬೇಕಾದ ಕಡೆ ಕೈಬಿಡುತ್ತಾರೆ.

ಅಮೆಜಾನಿನ ಮುಳುಗಿದ ಕಾಡಿನಿಂದ

ಡಿಸ್ಕಸ್ ಅಮೆಜಾನ್ ನದಿ ಸೀಮೆಯ ಮೀನು. ಆಸ್ಟ್ರಿಯಾದ ವಿಜ್ಞಾನಿ ಯೋಹಾನ್ ಯಾಕೋಬ್ ಹೆಕೆಲ್ 1840ರಲ್ಲಿ ಇದಕ್ಕೆ ‘ಸಿಂಫಿಸೊಡಾನ್ ಡಿಸ್ಕಸ್’ ಎಂಬ ಶಾಸ್ತ್ರೀಯ ಹೆಸರು ಕೊಟ್ಟ. ಮಳೆಗಾಲದಲ್ಲಿ ಅಮೆಜಾನ್ ಹತ್ತು ಮೀಟರಿನಷ್ಟು ಏರಿ ಸುತ್ತಲಿನ ಕಾಡನ್ನೇ ಮುಳುಗಿಸುತ್ತದೆ. ಆಗ ಈ ಮೀನುಗಳು ಮುಳುಗಿದ ಮರಗಳ ಬೇರು, ಕೊಂಬೆಗಳ ಸಂದಿಯಲ್ಲಿ ಗುಂಪು ಕಟ್ಟಿಕೊಂಡಿರುತ್ತವೆ. ತಟ್ಟೆಯ ಹಾಗೆ ಚಪ್ಪಟೆಯಾದ ಮೈ ಆ ಸಂದಿಗಳಲ್ಲಿ ನುಸುಳಲು ಹೇಳಿ ಮಾಡಿಸಿದ್ದು. ಅಲ್ಲಿನ ನೀರು ಬೆಚ್ಚಗಿರುತ್ತದೆ, ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಕೊಳೆತ ಎಲೆಗಳ ಒಗರು ಇಳಿದು ಅದು ಹುಳಿ ಸ್ವಭಾವದ್ದಾಗಿರುತ್ತದೆ.

ಇವತ್ತು ಅಂಗಡಿಯಲ್ಲಿ ಸಿಗುವ ಪಿಜನ್ ಬ್ಲಡ್, ಟರ್ಕಾಯ್ಸ್, ಸ್ನೇಕ್ ಸ್ಕಿನ್, ರೆಡ್ ಮೆಲನ್ ತಳಿಗಳು ಆ ಕಾಡನ್ನು ಕಂಡವಲ್ಲ. ಜರ್ಮನಿ, ಅಮೆರಿಕ, ಆಮೇಲೆ ಥಾಯ್ಲೆಂಡ್, ಮಲೇಷ್ಯಾದ ಸಾಕಣೆದಾರರು ತಲೆಮಾರುಗಳಿಂದ ಗಾಜಿನ ತೊಟ್ಟಿಯಲ್ಲೇ ಬೆಳೆಸಿ, ಆರಿಸಿ, ಬೆಸೆದು ತಂದ ಮೀನುಗಳವು. ಮಧ್ಯಮ ಗಡಸಿನ ನೀರಿಗೆ ಅವು ಹೊಂದಿಕೊಳ್ಳುವುದು ಇದೇ ಕಾರಣಕ್ಕೆ. ಹೊಂದಿಕೊಳ್ಳದೆ ಉಳಿದದ್ದು ಬಿಸಿಯ ವಿಷಯ: 28ರಿಂದ 30 ಡಿಗ್ರಿ ಸೆಲ್ಸಿಯಸ್ ಅವುಗಳಿಗೆ ಇವತ್ತಿಗೂ ಬೇಕು.

ಲೋಳೆಯ ಊಟ

ಜೋಡಿ ಕೂಡಿದ ಹೆಣ್ಣು ನೆಟ್ಟಗಿನ ಜಾಗವೊಂದನ್ನು ಹುಡುಕಿ ಮೊಟ್ಟೆ ಅಂಟಿಸುತ್ತದೆ. ಮಣ್ಣಿನ ಕೋನ್, ಬೋರಲು ಹಾಕಿದ ಮಡಕೆ, ಪಿವಿಸಿ ಪೈಪಿನ ತುಂಡು, ಏನೂ ಆದೀತು. ಗಂಡು ಹಿಂದೆಯೇ ಬಂದು ಫಲಗೊಳಿಸುತ್ತದೆ. ಎರಡೂವರೆ ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಮರಿಗಳು ತಲೆಯಂಟಿಸಿಕೊಂಡು ಬಾಲ ಬಡಿಯುತ್ತ ಅಲ್ಲೇ ಇನ್ನೆರಡು ಮೂರು ದಿನ ಇರುತ್ತವೆ. ಆ ಹೊತ್ತಿಗೆ ತಂದೆ ತಾಯಿಯರ ಮೈಬಣ್ಣ ಕಪ್ಪಿಡುತ್ತದೆ. ಈಜಲು ಬಂದ ಮರಿಗಳು ಆ ಕಪ್ಪು ಮೈಯತ್ತ ಹೋಗುತ್ತವೆ.

ಈ ವಿಚಿತ್ರ ಪಾಲನೆಯನ್ನು ಹಿಲ್ಡೆಮನ್ ಎಂಬ ವಿಜ್ಞಾನಿ 1959ರಲ್ಲಿ ವಿವರವಾಗಿ ಬರೆದ. ಅದು ಬರಿಯ ಲೋಳೆಯೇ, ಅದರಲ್ಲಿ ಪೋಷಣೆ ಇದೆಯೇ ಎಂಬುದನ್ನು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜೊನಾಥನ್ ಬಕ್ಲಿ ಮತ್ತು ಸಂಗಡಿಗರು ಅಳೆದು, 2010ರಲ್ಲಿ ಪ್ರಕಟಿಸಿದರು. ಮೊಟ್ಟೆ ಇಟ್ಟಾಗಿನಿಂದ ತಂದೆ ತಾಯಿಯರಿಬ್ಬರ ಲೋಳೆಯಲ್ಲೂ ಪ್ರೋಟೀನ್ ಹೆಚ್ಚುತ್ತದೆ, ರೋಗ ತಡೆಯುವ ಪ್ರತಿಕಾಯಗಳು ಹೆಚ್ಚುತ್ತವೆ. ಮೊದಲ ಎರಡು ವಾರ ಎರಡೂ ಮೀನುಗಳು ತಾಳ್ಮೆಯಿಂದ ಮೈಯೊಡ್ಡುತ್ತವೆ. ಮೂರನೆಯ ವಾರದಿಂದ ದೂರ ಸರಿಯತೊಡಗುತ್ತವೆ, ಮರಿಗಳು ಹೊರಗಿನ ಆಹಾರ ಹುಡುಕಿಕೊಳ್ಳಲೇಬೇಕಾಗುತ್ತದೆ. ಹಾಲು ಬಿಡಿಸುವ ಕೆಲಸವೂ ಇಲ್ಲಿ ನಡೆಯುತ್ತದೆ ಎಂದಾಯಿತು, ಅದೂ ಅಪ್ಪ ಅಮ್ಮ ಇಬ್ಬರೂ ಸೇರಿ.

ಇದನ್ನು ನೋಡಲು ಅಮೆಜಾನಿಗೇ ಹೋಗಬೇಕಿಲ್ಲ ಎಂಬುದು ನನಗೆ ತುಂಬ ಖುಷಿ ಕೊಡುವ ಸಂಗತಿ. ಡಿಸ್ಕಸ್ ಸೇರಿದ ಸಿಕ್ಲಿಡ್ ಕುಟುಂಬದ ಮೂರು ಮೀನುಗಳು ನಮ್ಮ ದೇಶದಲ್ಲೂ ಇವೆ. ಕೇರಳದ ಕರಿಮೀನು ಒಂದು. ಕರಾವಳಿಯ ಹಿನ್ನೀರುಗಳಲ್ಲಿರುವ, ಬೆರಳುದ್ದದ ಹಳದಿ ಮೀನು ‘ಸ್ಯೂಡೆಟ್ರೊಪ್ಲಸ್ ಮ್ಯಾಕುಲೇಟಸ್’ ಇನ್ನೊಂದು. ಅದರ ಮರಿಗಳೂ ತಂದೆ ತಾಯಿಯರ ಮೈಲೋಳೆಯನ್ನು ಮೇಯುತ್ತವೆ. ಮೂರನೆಯದು ನಮ್ಮ ದಕ್ಷಿಣ ಕನ್ನಡದ್ದೇ. ಕುಮಾರಧಾರಾ, ನೇತ್ರಾವತಿ ನದಿಗಳ ಆಸುಪಾಸಿನಲ್ಲಿ ಮಾತ್ರ ಸಿಗುವ ‘ಎಟ್ರೊಪ್ಲಸ್ ಕೆನರೆನ್ಸಿಸ್’ ಮೀನನ್ನು ಫ್ರಾನ್ಸಿಸ್ ಡೇ 1877ರಲ್ಲಿ ಗುರುತಿಸಿದ. ಅಕ್ವೇರಿಯಂ ವ್ಯಾಪಾರದವರು ಅದರ ಬೆನ್ನು ಬಿದ್ದಿರುವುದರಿಂದ ಈಗ ಅದು ಅಪಾಯದಲ್ಲಿದೆ. ತೊಟ್ಟಿಯಲ್ಲೇ ಹುಟ್ಟಿದ ಡಿಸ್ಕಸ್ ಕೊಂಡರೆ ಯಾವ ನದಿಗೂ ನಷ್ಟವಿಲ್ಲ. ಹೊಳೆಯಿಂದ ಹಿಡಿದು ತಂದ ಮೀನನ್ನು ಕೊಳ್ಳುವಾಗ ಆ ಮಾತು ಹೇಳಲಾಗದು.

ನಮ್ಮ ನೀರಿನಲ್ಲಿ ಏನಿದೆ

ಬೇಳೆ ಬೇಯದಿರುವುದು, ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಚಕ್ಕೆ ಕಟ್ಟುವುದು, ಸೋಲಾರ್ ಪೈಪು ಕಟ್ಟಿಕೊಳ್ಳುವುದು, ಸೋಪು ನೊರೆಯೇಳದಿರುವುದು: ಈ ತಾಲ್ಲೂಕುಗಳ ಯಾವ ಗೃಹಿಣಿಗೂ ಗಡಸು ನೀರೆಂದರೇನೆಂದು ಹೇಳಿಕೊಡಬೇಕಿಲ್ಲ. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರು ಬಂಡೆಯ ಸಂದಿಯಲ್ಲಿ ಹೆಚ್ಚು ಕಾಲ ನಿಂತಿರುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಬೈಕಾರ್ಬೊನೇಟ್ ಅಷ್ಟಷ್ಟು ಹೆಚ್ಚು ಕರಗಿರುತ್ತವೆ. ತುಮಕೂರು ಜಿಲ್ಲೆಯ ಹಲವು ಕಡೆ ಫ್ಲೋರೈಡ್ ಕಾಟವೂ ಇದೆ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದದ್ದು, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬೈಕಿನಲ್ಲಿ ತರುವುದು ರೂಢಿಯಾದದ್ದು ಹೀಗೆ.

ತಿಪಟೂರು ಪಟ್ಟಣದ ನಲ್ಲಿ ನೀರಿನ ಕತೆ ಬೇರೆ. ಅದು ಈಚನೂರು ಕೆರೆಯದು, ಆ ಕೆರೆಗೆ ಬರುವುದು ಗೊರೂರಿನಿಂದ ನಾಲೆಯಲ್ಲಿ ಹರಿದ ಹೇಮಾವತಿ. ಮಲೆನಾಡಿನ ಮಳೆಯ ಆ ನೀರು ಬೋರ್ ನೀರಿಗಿಂತ ಸಾಮಾನ್ಯವಾಗಿ ಮೆದು. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಕಿವಿರಿಗೆ ಕ್ಲೋರಿನ್ ತಗುಲಿದರೆ ಮರಿ ಉಳಿಯುವುದು ಕಷ್ಟ. ಒಂದು ದಿನ ಡ್ರಮ್ಮಿನಲ್ಲಿಟ್ಟು ಗಾಳಿ ಹಾಯಿಸಿದರೆ ಕ್ಲೋರಿನ್ ಹಾರಿಹೋಗುತ್ತದೆ. ಹಿಂದೆ ಫೋಟೊ ಸ್ಟುಡಿಯೊಗಳಲ್ಲಿ ಬಳಸುತ್ತಿದ್ದ ‘ಹೈಪೊ’ ಹರಳು ಅದನ್ನು ಕೂಡಲೇ ಕೊಲ್ಲುತ್ತದೆ.

ಬೋರ್ ನೀರಿಗೂ ಒಂದು ದಿನದ ವಿಶ್ರಾಂತಿ ಬೇಕು, ಕಾರಣ ಮಾತ್ರ ಬೇರೆ. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಮೋಟರು ಹಾಕಿದ ತಕ್ಷಣ ಹಿಡಿದು ಪಿಎಚ್ ಅಳೆದರೆ 7ರ ಆಸುಪಾಸು ತೋರಿಸುವ ನೀರು, ಗಾಳಿ ಹಾಯಿಸಿ ಮರುದಿನ ಅಳೆದರೆ 8 ಮುಟ್ಟಿರಬಹುದು. ಹಿಡಿದ ಕೂಡಲೇ ತೊಟ್ಟಿಗೆ ಸುರಿದರೆ ಆ ಏರಿಕೆಯೆಲ್ಲ ಮೀನಿನ ಮೈಮೇಲೆಯೇ ನಡೆಯುತ್ತದೆ. ನಿನ್ನೆಯ ನೀರನ್ನೇ ಇವತ್ತು ಹಾಕುವುದು ಎಂಬ ಒಂದು ಕಟ್ಟಳೆ ಇಟ್ಟುಕೊಂಡರೆ ಸಾಕು, ಇದು ತಪ್ಪುತ್ತದೆ.

ಮರಿ ಬೆಳೆಸುವವರು ಶುದ್ಧ ನೀರಿನ ಘಟಕದ ನೀರನ್ನೇ ಪೂರ್ತಿ ತುಂಬಿಸಿದರೆ ಲಾಭಕ್ಕಿಂತ ಕೇಡೇ ಹೆಚ್ಚು. ಆ ನೀರಿನಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಬೈಕಾರ್ಬೊನೇಟ್ ಉಳಿದಿರುವುದಿಲ್ಲ. ನಾಲ್ಕು ದಿನ ನೀರು ಬದಲಿಸದಿದ್ದರೆ ಪಿಎಚ್ ದಿಢೀರನೆ ಕುಸಿಯಬಹುದು. ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರು ಈಗ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಬೋರ್ ನೀರಿನ ಟಿಡಿಎಸ್ 400ರ ಒಳಗಿದ್ದರೆ ಮರಿಗಳಿಗೆ ಹಾಗೆಯೇ ನಡೆಯುತ್ತದೆ. 800 ಇದ್ದರೆ ಒಂದು ಕೊಡ ಬೋರ್ ನೀರಿಗೆ ಟಿಡಿಎಸ್ 40ರ ಘಟಕದ ನೀರು ಮೂರು ಕೊಡ ಬೆರೆಸಿದರೆ 230ಕ್ಕೆ ಇಳಿಯುತ್ತದೆ. ಯಾವ ಪ್ರಮಾಣ ಹಿಡಿದಿರೋ ಅದನ್ನೇ ದಿನವೂ ಹಿಡಿಯಿರಿ. ಮೊಟ್ಟೆ ಮರಿಯಾಗಬೇಕು ಎನ್ನುವ ಕಾಲ ಬಂದಾಗ ಮಾತ್ರ ನಿಜವಾದ ಮೆದು ನೀರಿಗೆ ಕೈ ಹಾಕಬೇಕು. ಸುಣ್ಣದಂಶ ಹೆಚ್ಚಿದ್ದರೆ ಫಲೀಕರಣ ಕುಗ್ಗುತ್ತದೆ, ಮೊಟ್ಟೆ ಬೆಳ್ಳಗಾಗಿ ಬೂಷ್ಟು ಹಿಡಿಯುತ್ತದೆ.

ಮಳೆ ನೀರಿಗಿಂತ ಮೆದು ನೀರು ಇನ್ನೊಂದಿಲ್ಲ. ನೂರು ಚದರ ಮೀಟರಿನ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರು. ಮೊದಲ ಮಳೆಯನ್ನು ಹರಿಯಬಿಟ್ಟು, ದೂಳು ಹಕ್ಕಿಹಿಕ್ಕೆ ತೊಳೆದುಹೋದ ಮೇಲೆ ಹಿಡಿದಿಟ್ಟುಕೊಂಡರೆ ಮರಿ ಮಾಡಿಸುವವರಿಗೆ ಅದು ತಿಂಗಳುಗಟ್ಟಲೆ ಬರುತ್ತದೆ.

ಮರಿ ಆರಿಸುವಾಗ

ಈ ಸೀಮೆಗೆ ಮರಿಗಳು ಬರುವುದು ಬಹುಮಟ್ಟಿಗೆ ಬೆಂಗಳೂರಿನಿಂದ, ಅಲ್ಲಿಗೆ ಎಷ್ಟೋ ಮೀನು ಬರುವುದು ಚೆನ್ನೈನ ಕೊಳತ್ತೂರಿನಿಂದ. ಒಂದು ಇಂಚಿನ ಮರಿ ಅಗ್ಗ ಎಂದು ತರಬೇಡಿ. ಎರಡೂವರೆಯಿಂದ ಮೂರು ಇಂಚಿನದು ಮೊದಲ ಸಲದವರಿಗೆ ಸರಿ. ಕಣ್ಣು ನೋಡಿ: ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಂಡರೆ ಆ ಮರಿ ಚಿಕ್ಕಂದಿನಲ್ಲೇ ಕುಂಠಿತವಾಗಿದೆ. ಕಣ್ಣು ತನ್ನ ಪಾಡಿಗೆ ಬೆಳೆದಿದೆ, ಮೈ ಬೆಳೆದಿಲ್ಲ. ಮೈ ದುಂಡಗಿರದೆ ಉದ್ದುದ್ದಕ್ಕಿದ್ದರೂ ಅದೇ ಅರ್ಥ. ಮೊದಲ ಕೆಲವು ತಿಂಗಳಲ್ಲಿ ತಪ್ಪಿದ ಬೆಳವಣಿಗೆಯನ್ನು ಆಮೇಲೆ ಎಷ್ಟು ಉಣಿಸಿದರೂ ತುಂಬಿಕೊಡಲಾಗುವುದಿಲ್ಲ.

ಎರಡಿಂಚಿನ ಟರ್ಕಾಯ್ಸ್ ಮರಿ ದೊಡ್ಡ ಮೀನಿನಂತೆ ನೀಲಿ ಹೊಳೆಯುತ್ತಿದ್ದರೆ ಅನುಮಾನಿಸಿ. ಆ ತಳಿಯ ಬಣ್ಣ ಬಲಿಯುವುದು ತಡವಾಗಿ. ಮಾರಾಟಕ್ಕೆಂದು ಹಾರ್ಮೋನು ಬೆರೆಸಿದ ಆಹಾರ ಕೊಟ್ಟು ಬಣ್ಣ ಬರಿಸುವ ದುಷ್ಟ ಅಭ್ಯಾಸ ಈ ವ್ಯಾಪಾರದಲ್ಲಿದೆ. ಪಿಜನ್ ಬ್ಲಡ್ ಜಾತಿಗೆ ಬಣ್ಣ ಬೇಗ ಬರುವುದು ಸಹಜ. ಅಂಗಡಿಯವರಿಗೆ ಹೇಳಿ ನಿಮ್ಮೆದುರೇ ಆಹಾರ ಹಾಕಿಸಿ. ಮುಂದೆ ಬಂದು ತಿನ್ನುವ ಮರಿಯನ್ನು ತನ್ನಿ, ಮೂಲೆಯಲ್ಲಿ ಕಪ್ಪಿಟ್ಟು ನಿಂತದ್ದನ್ನು ಬಿಡಿ.

ಒಂದೋ ಎರಡೋ ತರುವುದು ಅವುಗಳಿಗೆ ಹಿಂಸೆ. ಗುಂಪಿನ ಮೀನುಗಳಲ್ಲಿ ಮೇಲು ಕೀಳಿನ ಜಗಳ ಇದ್ದೇ ಇರುತ್ತದೆ. ಎರಡೇ ಇದ್ದರೆ ಎಲ್ಲ ಪೆಟ್ಟೂ ಒಂದರ ಮೇಲೆ, ಆರಿದ್ದರೆ ಪೆಟ್ಟು ಹಂಚಿಹೋಗುತ್ತದೆ. ಆರು ಮರಿಗೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸಾಕು. ಅದು ಹಿಡಿಯುವ ನೀರು 255 ಲೀಟರು, ಅಂದರೆ ಗಾಜಿನ ತೂಕ ಬಿಟ್ಟು ಕಾಲು ಟನ್. ಟಿ.ವಿ. ಮೇಜಿನ ಮೇಲೆ ಇಡುವ ವಸ್ತುವಲ್ಲ.

ಚೀಲ ಬಿಚ್ಚುವ ಹೊತ್ತು

ಗಡಸು ನೀರಿನ ಊರಿನವರು ವಿಶೇಷ ಗಮನ ಕೊಡಬೇಕಾದ ಗಳಿಗೆ ಇದು. ಬೆಂಗಳೂರಿನಿಂದ ತಿಪಟೂರಿಗೆ 140 ಕಿಲೋಮೀಟರು. ರೈಲಿನಲ್ಲೋ ಬಸ್ಸಿನಲ್ಲೋ ಬರುವಷ್ಟು ಹೊತ್ತು ಮರಿಗಳು ಆ ಪ್ಲಾಸ್ಟಿಕ್ ಚೀಲದಲ್ಲೇ ಉಸಿರಾಡಿವೆ, ಅಲ್ಲೇ ವಿಸರ್ಜಿಸಿವೆ. ಚೀಲದ ನೀರಿನಲ್ಲಿ ಅಮೋನಿಯ ಸೇರಿದೆ. ಆದರೆ ಅವು ಬಿಟ್ಟ ಇಂಗಾಲದ ಡೈಆಕ್ಸೈಡ್ ಪಿಎಚ್ ಅನ್ನು ಇಳಿಸಿರುವುದರಿಂದ ಅಮೋನಿಯದ ಬಹುಪಾಲು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ.

ಚೀಲ ಬಿಚ್ಚಿ, ನಮ್ಮ ಪಿಎಚ್ 8ರ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಗಂಟೆಗಟ್ಟಲೆ ಕೂತರೆ ಆ ಅಮೋನಿಯಂ ಮತ್ತೆ ವಿಷದ ಅಮೋನಿಯ ಆಗುತ್ತದೆ. 28 ಡಿಗ್ರಿಯಲ್ಲಿ ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷರೂಪದ ಪಾಲು ಸುಮಾರು ಒಂಬತ್ತು ಪಟ್ಟಾಗುತ್ತದೆ. ಮೆದು ನೀರಿನ ದೇಶದವರು ಬರೆದ ‘ನಿಧಾನವಾಗಿ ಬೆರೆಸಿ’ ಎಂಬ ಸಲಹೆ ಇಲ್ಲಿ ತಿರುಗಿ ಬೀಳುವುದು ಹೀಗೆ. ಚೀಲವನ್ನು ಬಿಚ್ಚದೆಯೇ ತೊಟ್ಟಿಯ ಮೇಲೆ ಇಪ್ಪತ್ತು ನಿಮಿಷ ತೇಲಿಬಿಟ್ಟು ಬಿಸಿ ಸಮವಾಗಲಿ. ಆಮೇಲೆ ಬಿಚ್ಚಿ, ಮರಿಗಳನ್ನು ಕೈಬಲೆಯಿಂದ ತಡಮಾಡದೆ ತೊಟ್ಟಿಗೆ ಬಿಟ್ಟು, ಚೀಲದ ನೀರನ್ನು ಹೊರಗೆ ಚೆಲ್ಲಿ. ಟಿಡಿಎಸ್‌ನಲ್ಲಿ ತುಂಬ ಅಂತರವಾಗದಂತೆ ಅಂಗಡಿಯ ನೀರಿನ ಅಳತೆ ಮೊದಲೇ ಕೇಳಿಕೊಂಡು, ತೊಟ್ಟಿಯ ನೀರನ್ನು ಅದಕ್ಕೆ ಹತ್ತಿರ ತಂದಿಟ್ಟಿರಬೇಕು.

ಆ ತೊಟ್ಟಿಯೂ ಮೀನು ಬರುವ ಒಂದೂವರೆ ತಿಂಗಳ ಮೊದಲೇ ಓಡುತ್ತಿರಬೇಕು. ಮೀನಿನ ಅಮೋನಿಯವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ಅಷ್ಟಾಗಿ ಕೇಡು ಮಾಡದ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾ ಸ್ಪಂಜಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಸ್ನೇಹಿತರ ಹಳೆಯ ತೊಟ್ಟಿಯಿಂದ, ರೋಗವಿಲ್ಲವೆಂದು ಖಚಿತವಿದ್ದರೆ, ಒಂದು ಕೊಳಕು ಸ್ಪಂಜು ತಂದು ಹಾಕಿಕೊಂಡರೆ ಬೇಗವಾಗುತ್ತದೆ. ಹೊಸ ಗಾಜಿನ ತೊಟ್ಟಿ, ತಿಳಿ ನೀರು, ಅದೇ ದಿನ ಆರು ಮರಿ: ಡಿಸ್ಕಸ್ ಬದುಕುವುದಿಲ್ಲ ಎಂಬ ಕೆಟ್ಟ ಹೆಸರು ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ತಳಕ್ಕೆ ಮರಳು, ಬಣ್ಣದ ಕಲ್ಲು ಬೇಡ. ಬರಿಗಾಜಿನ ತಳದಲ್ಲಿ ಉಳಿದ ಆಹಾರ ಕಣ್ಣಿಗೆ ಬೀಳುತ್ತದೆ, ಪೈಪಿನಿಂದ ಎಳೆಯಲು ಸುಲಭ. ತೆಂಗಿನ ಸೀಮೆಯಲ್ಲವೇ ಎಂದು ಹಸಿ ಮಟ್ಟೆ, ನಾರು ತಂದು ಹಾಕಬೇಡಿ. ಒಗರು ವಿಪರೀತ ಇಳಿಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೇ ಹೀರುತ್ತದೆ. ಒಗರು ಬೇಕೆನಿಸಿದರೆ ಶಾಲೆಯ ಬಯಲಿನ ಕಾಡುಬಾದಾಮಿ ಮರದಿಂದ ತಾನಾಗಿ ಉದುರಿ ಒಣಗಿದ ಎಲೆ ಒಂದೆರಡು ಸಾಕು. ಕೊಬ್ಬರಿ ಕೆಲಸ ಮಾಡಿ ಬಂದವರು ಸೋಪು ಹಾಕಿ ಕೈ ತೊಳೆದು, ಸೋಪು ಪೂರ್ತಿ ಹೋಗುವಂತೆ ಮತ್ತೆ ತೊಳೆದು ತೊಟ್ಟಿಗೆ ಕೈಯಿಡಬೇಕು. ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿದರೆ ಗಾಳಿ ಒಳಗಿಳಿಯುವುದಿಲ್ಲ.

ದಿನಕ್ಕೆ ನಾಲ್ಕೈದು ಊಟ

ದೊಡ್ಡ ಡಿಸ್ಕಸ್‌ಗೆ ದಿನಕ್ಕೆ ಎರಡು ಸಲ ಹಾಕಿದರೆ ನಡೆಯುತ್ತದೆ. ಮರಿಗೆ ನಾಲ್ಕೈದು ಸಲ, ಪ್ರತಿ ಸಲವೂ ಐದು ನಿಮಿಷದಲ್ಲಿ ಮುಗಿಯುವಷ್ಟು. ಹೊಟ್ಟೆ ಸಣ್ಣದು, ಬೆಳೆಯುವ ಆತುರ ದೊಡ್ಡದು. ಯೂರೋಪ್, ಅಮೆರಿಕದ ಸಾಕಣೆದಾರರು ದನದ ಹೃದಯದ ಮಾಂಸ ಅರೆದು ಹಾಕುವುದನ್ನು ರೂಢಿಸಿದರು. ಅದಿಲ್ಲದೆ ಆಗುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಒಳ್ಳೆಯ ದರ್ಜೆಯ ಡಿಸ್ಕಸ್ ಗುಳಿಗೆ, ಸ್ಪಿರುಲಿನ, ಹೆಪ್ಪುಗಟ್ಟಿಸಿದ ಕೆಂಪು ಹುಳು, ಆರ್ಟೀಮಿಯ ಇವುಗಳಲ್ಲೇ ಮರಿ ಚೆನ್ನಾಗಿ ಏಳುತ್ತದೆ. ಈ ಭಾಗದ ಎಷ್ಟೋ ಮನೆಗಳಲ್ಲಿ ಮಾಂಸ ಒಳಗೆ ಬರುವುದಿಲ್ಲ. ಅಂಥ ಮನೆಯ ಹುಡುಗರು ಫ್ರಿಜ್ಜಿನಲ್ಲಿ ಕೆಂಪು ಹುಳುವಿನ ಪೊಟ್ಟಣ ಇಡುವ ಮೊದಲು ಅಜ್ಜಿಯ ಒಪ್ಪಿಗೆ ಪಡೆಯಬೇಕಾಗುತ್ತದೆ. ಗುಳಿಗೆಯಲ್ಲೇ ನಿಭಾಯಿಸುವ ದಾರಿಯೂ ಇದೆ ಎಂದು ಅವರು ತಿಳಿದಿರಲಿ. ಚರಂಡಿಯಿಂದ ಬರುವ ಜೀವಂತ ಟ್ಯೂಬಿಫೆಕ್ಸ್ ಹುಳು ಮಾತ್ರ ಯಾರಿಗೂ ಬೇಡ, ಅದರೊಂದಿಗೆ ರೋಗವೂ ಬರುತ್ತದೆ.

ಆರ್ಟೀಮಿಯ ಮನೆಯಲ್ಲೇ ಒಡೆಸಬಹುದು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿದು, ತಲೆಕೆಳಗಾಗಿ ನಿಲ್ಲಿಸಿ. ಲೀಟರು ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ಗಾಳಿಕೊಳವೆಯನ್ನು ಬಾಟಲಿಯ ಕುತ್ತಿಗೆಯವರೆಗೆ ಇಳಿಸಿ, ಅರ್ಧ ಚಮಚ ಆರ್ಟೀಮಿಯ ಮೊಟ್ಟೆ ಹಾಕಿ. ನೀರು ಕುದಿಯುವಂತೆ ಗುಳ್ಳೆ ಏಳುತ್ತಿರಬೇಕು. 28 ಡಿಗ್ರಿಯಲ್ಲಿ ಒಂದು ದಿನಕ್ಕೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ಕುತ್ತಿಗೆಗೆ ಇಳಿಯುತ್ತವೆ. ಅವನ್ನು ಸಣ್ಣ ಕೊಳವೆಯಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಉಪ್ಪು ಹೋಗುವಂತೆ ತೊಳೆದು ಹಾಕಬೇಕು. ತಂದೆ ತಾಯಿಯ ಲೋಳೆ ಬಿಡುವ ಮರಿಗಳಿಗೆ ಇದಕ್ಕಿಂತ ಒಳ್ಳೆಯ ಮೊದಲ ತುತ್ತಿಲ್ಲ. ಎರಡಿಂಚಿನವೂ ಇದಕ್ಕೆ ಮುಗಿಬೀಳುತ್ತವೆ.

ಇಷ್ಟು ತಿಂದದ್ದು ಹೊರಗೆ ಬರಲೇಬೇಕಲ್ಲ. ಹಾಗಾಗಿ ದಿನವೂ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಬೇಕು. ಮರಿ ಸಾಕಣೆಯ ಗುಟ್ಟೆಲ್ಲ ಇಲ್ಲೇ ಇದೆ ಎಂದು ನಾನು ನಂಬುತ್ತೇನೆ. ದುಬಾರಿ ಫಿಲ್ಟರು ಕೊಳ್ಳಲಾಗದವರು ಎರಡು ಸ್ಪಂಜ್ ಫಿಲ್ಟರು, ಒಂದು ಬಕೆಟು, ಒಂದು ಉದ್ದ ಪೈಪು ಇಟ್ಟುಕೊಂಡು ಅಂಗೈಗಿಂತ ದೊಡ್ಡ ಮೀನು ಬೆಳೆಸಬಲ್ಲರು. ಬೆಳಗ್ಗೆ ಅರ್ಧ ಗಂಟೆ ಕೊಡಲಾಗದವರಿಗೆ ಎಷ್ಟು ದುಬಾರಿ ಯಂತ್ರವಿದ್ದರೂ ಈ ಮೀನು ಒಲಿಯುವುದಿಲ್ಲ.

ಬಿಳಿ ದಾರದಂಥ ಮಲ, ಆಹಾರ ಬಾಯಿಗಿಟ್ಟು ಉಗುಳುವುದು, ಮೈ ಕಪ್ಪಿಡುವುದು ಕಂಡರೆ ಕರುಳಿನ ಪರೋಪಜೀವಿ ಇರಬಹುದು. ಒಂದೇ ಕಿವಿರಿನಲ್ಲಿ ಉಸಿರಾಡುವುದು ಕಿವಿರು ಹುಳುವಿನ ಗುರುತು. ಮೊದಲು ನೀರು ಪರೀಕ್ಷಿಸಿ. ಔಷಧಿ ಆಮೇಲೆ, ತಿಳಿದವರನ್ನು ಕೇಳಿ. ಹೊಸ ಮೀನನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡದೆ ಹಳೆಯದರ ಜೊತೆ ಬಿಡಬೇಡಿ.

ಚಳಿ ಮತ್ತು ಕರೆಂಟು

ತಿಪಟೂರು ಸಮುದ್ರಮಟ್ಟದಿಂದ ಸುಮಾರು 850 ಮೀಟರು ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ತೋಟದ ಮನೆಗಳಲ್ಲಿ ಕಂಬಳಿ ಬಿಟ್ಟು ಏಳಲು ಮನಸ್ಸಾಗದಷ್ಟು ಚಳಿ. ಹೀಟರಿಲ್ಲದ ತೊಟ್ಟಿ 20 ಡಿಗ್ರಿಗೆ ಇಳಿದರೆ ಡಿಸ್ಕಸ್ ಊಟ ಬಿಡುತ್ತದೆ, ರೋಗ ಏರುತ್ತದೆ. 255 ಲೀಟರಿಗೆ 300 ವ್ಯಾಟಿನ ಹೀಟರು ಬೇಕು. ಚಳಿಗಾಲದಲ್ಲಿ ಅದು ದಿನಕ್ಕೆ ಒಟ್ಟು ಎಂಟು ಗಂಟೆ ಉರಿಯಿತೆಂದರೆ 2.4 ಯೂನಿಟ್, ತಿಂಗಳಿಗೆ 72. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಮಾತ್ರ ಹೆಚ್ಚುವರಿ ಉಚಿತ, ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಮನೆಯ ಲೆಕ್ಕ ಇಡುವವರಿಗೆ ಇದನ್ನು ಮೊದಲೇ ಹೇಳಿರುವುದು ಒಳ್ಳೆಯದು. ತೊಟ್ಟಿಯ ಹಿಂಬದಿ, ಎರಡು ಪಕ್ಕ ಮತ್ತು ತಳಕ್ಕೆ ಥರ್ಮೊಕೋಲ್ ಹಾಳೆ ಅಂಟಿಸಿ, ಮೇಲೆ ಗಾಜು ಮುಚ್ಚಿದರೆ ಖರ್ಚು ಗಣನೀಯವಾಗಿ ಇಳಿಯುತ್ತದೆ.

ಕರೆಂಟು ಹೋದಾಗ ಮೊದಲು ಕಾಡುವುದು ಚಳಿಯಲ್ಲ, ಉಸಿರು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ಅದು ಬೇಕು. ಮನೆಯ ಯುಪಿಎಸ್‌ಗೆ ಹೀಟರು ಹಾಕಬೇಡಿ, ಐದು ವ್ಯಾಟಿನ ಗಾಳಿ ಪಂಪು ಹಾಕಿ. ಅದೂ ಇಲ್ಲದಿದ್ದರೆ ಬ್ಯಾಟರಿ ಪಂಪು. ಏನೂ ಇಲ್ಲದ ರಾತ್ರಿ ಒಂದು ಚೊಂಬಿನಿಂದ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಸುರಿಯುವುದೂ ಕೆಲಸಕ್ಕೆ ಬರುತ್ತದೆ.

ಚೆಲ್ಲುವ ನೀರು ತೆಂಗಿನ ಬುಡಕ್ಕೆ

ಸಾವಿರ ಅಡಿ ಕೊರೆಸಿದರೂ ನೀರು ಸಿಗದ ಊರುಗಳ ನಡುವೆ ಮೀನಿನ ಶೋಕಿಗೆ ದಿನಕ್ಕೆ ನೂರು ಲೀಟರು ಚೆಲ್ಲುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ತೆಂಗಿನ ಮನೆಯವರ ಹತ್ತಿರ ಒಳ್ಳೆಯ ಉತ್ತರವಿದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿ ನೈಟ್ರೇಟ್ ಇದೆ, ಮೀನಿನ ಗೊಬ್ಬರವಿದೆ. ಪೈಪನ್ನು ಕಿಟಕಿಯಿಂದ ಹೊರಗೆ ಹಾಯಿಸಿ ಹಿತ್ತಿಲಿನ ಎರಡು ಮರದ ಪಾತಿಗೆ ಬಿಟ್ಟರೆ ಬೇಸಿಗೆಯಲ್ಲಿ ಅವುಗಳಿಗೆ ಹೇಗೂ ಕೊಡಬೇಕಾದ ನೀರು ಅದೇ ಆಗುತ್ತದೆ. ತೊಟ್ಟಿಗೆ ಉಪ್ಪು ಹಾಕಿದ್ದರೂ ತೆಂಗು ತಡೆದುಕೊಳ್ಳುತ್ತದೆ. ಗುಂಡಿಗೆ ಉಪ್ಪು ಹಾಕಿ ಸಸಿ ನೆಡುವ ಪದ್ಧತಿಯೇ ಇದೆಯಲ್ಲ. ಔಷಧಿ ಹಾಕಿದ ದಿನಗಳ ನೀರನ್ನು ಮಾತ್ರ ತರಕಾರಿ ಮಡಿಗೆ, ಕೃಷಿ ಹೊಂಡಕ್ಕೆ ಬಿಡಬಾರದು.

ಆದಾಯದ ಮಾತು

ಕೊಬ್ಬರಿ ಬೆಲೆ ಏರಿಳಿದಾಗ, ನುಸಿ ಪೀಡೆ, ಕಪ್ಪುತಲೆ ಹುಳು ಕಾಡಿದಾಗ ಪಕ್ಕದ ಆದಾಯ ಹುಡುಕುವವರು ಅಲಂಕಾರಿಕ ಮೀನಿನತ್ತ ನೋಡುವುದು ಸಹಜ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಿಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಯಾಯಿತು. ಸಾಮಾನ್ಯ ವರ್ಗಕ್ಕೆ ಶೇಕಡ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇಕಡ 60 ಸಹಾಯಧನ. ಈಗಿನ ಸ್ಥಿತಿಯನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಬಹುದು. ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ತಿಪಟೂರಿನ ಹತ್ತಿರವೇ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಆದಾಯಕ್ಕೆಂದು ಹೊರಟವರು ಡಿಸ್ಕಸ್‌ನಿಂದ ಶುರುಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಪ್ಪಿ, ಮಾಲಿ, ಪ್ಲಾಟಿ ಮೀನುಗಳಿಗೆ ಗಡಸು ನೀರೇ ಹಿತ. ತುರುವೇಕೆರೆಯ ಬೋರ್ ನೀರು ಡಿಸ್ಕಸ್ ಮೊಟ್ಟೆಗೆ ಶತ್ರುವಾದರೆ ಮಾಲಿಗೆ ಮಿತ್ರ. ನೀರನ್ನು ಬದಲಿಸುವ ಖರ್ಚಿಲ್ಲದೆ, ಸಿಮೆಂಟ್ ತೊಟ್ಟಿಯಲ್ಲಿ ಅವು ಹೆಚ್ಚುತ್ತವೆ. ಅವುಗಳಲ್ಲಿ ಕೈ ಪಳಗಿದ ಮೇಲೆ ಡಿಸ್ಕಸ್ ಮರಿಗಳನ್ನು ತಂದು ಎರಡೂವರೆ ಇಂಚಿನಿಂದ ಐದು ಇಂಚಿಗೆ ಬೆಳೆಸಿ ಮಾರುವುದು ಎರಡನೆಯ ಹೆಜ್ಜೆ. ಜೋಡಿ ಕಟ್ಟಿ ಮರಿ ಮಾಡಿಸುವುದು ಅದಕ್ಕೂ ಆಮೇಲಿನದು.

ಕೆರೆಗೆ ಬಿಡಬೇಡಿ

ತೊಟ್ಟಿಯ ಗಾಜು ಉಜ್ಜುತ್ತದೆ ಎಂದು ಅಂಗಡಿಯವರು ಡಿಸ್ಕಸ್ ಜೊತೆಗೆ ಒಂದು ಸಕ್ಕರ್ ಮೀನು ಕೊಡುವುದುಂಟು. ತರಬೇಡಿ. ಡಿಸ್ಕಸ್‌ನ ಅಗಲ ಮೈಯ ಲೋಳೆಯ ರುಚಿ ಹತ್ತಿದರೆ ಅದು ರಾತ್ರಿ ಹೊತ್ತು ಅಲ್ಲೇ ಅಂಟಿಕೊಂಡು ಹೆರೆದು ಗಾಯ ಮಾಡುತ್ತದೆ. ಒಂದಡಿ ದಾಟಿ ಬೆಳೆದ ಮೇಲೆ ಇಡಲಾಗದೆ ಜನ ಅದನ್ನು ಕೆರೆಗೆ ಬಿಟ್ಟುಬರುತ್ತಾರೆ. ಡಿಸ್ಕಸ್ ಆದರೆ ನಮ್ಮ ಚಳಿಗೆ ಕೆರೆಯಲ್ಲಿ ಸಾಯುತ್ತದೆ. ಸಕ್ಕರ್ ಸಾಯುವುದಿಲ್ಲ. ಆಂಧ್ರ, ಕೇರಳದ ಕೆರೆ ಹೊಳೆಗಳಲ್ಲಿ ಅದು ಹೆಚ್ಚಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ, ನಾಟಿ ಮೀನಿನ ಮೇವು ಕಸಿಯುತ್ತಿದೆ. ನಮ್ಮಲ್ಲಿ ಹೇಮಾವತಿ ನಾಲೆ ಒಂದು ಕೆರೆಯನ್ನು ಇನ್ನೊಂದಕ್ಕೆ ಜೋಡಿಸಿದೆ. ಒಂದರಲ್ಲಿ ಬಿಟ್ಟದ್ದು ಅಲ್ಲಿಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಸಾಕಲಾಗದ ಯಾವ ಮೀನನ್ನಾದರೂ ತಂದ ಅಂಗಡಿಗೇ ಹಿಂದಿರುಗಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ.